ಪ್ರಾಮ್‌ಗೆ ಹೋದ ಮೈಸೂರು ಪೇಟ

ಕಳೆದ ಶನಿವಾರ ಸಂಜೆ ಸಿಂಗಪುರದ ನಮ್ಮ ಸೆಂಬವಾಂಗ್ ಫ್ಲ್ಯಾಟಿನಲ್ಲಿ ಹದಿನಾರು ವರ್ಷದ ಚೀನೀ ಹುಡುಗನೊಬ್ಬನಿಗೆ ಸನ್ಮಾನ ಮಾಡಿದೆ. ಶಾಲು, ಗಂಧದ ಹಾರ, ಮೈಸೂರು ಪೇಟ. ಫಲ ತಾಂಬೂಲ ಬೇರೆ.

ಅವನ ಸಾಧನೆ? ನನ್ನ ಮಗಳನ್ನು ಪ್ರಾಮ್‌ಗೆ ಕರೆದುಕೊಂಡು ಹೋಗಲು ಬಂದಿದ್ದ.

ಪ್ರಾಮ್ ಅಂದರೆ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿದ ಮಕ್ಕಳು ಹೋಟೆಲಿನಲ್ಲಿ ಸೂಟುಬೂಟು ಹಾಕಿಕೊಂಡು ಉಂಡು ಕುಣಿಯುವ ಕಾರ್ಯಕ್ರಮ. ನಮ್ಮ ಕಾಲದ ಬೀಳ್ಕೊಡುಗೆ ಸಮಾರಂಭ, ಭಾಷಣ ಮೈನಸ್. (ಉಪ್ಪಿಟ್ಟೂ ಮೈನಸ್.) ಮಗಳು ಅನನ್ಯಾ ಎರಡು ತಿಂಗಳಿಂದ ಇದೇ ಧ್ಯಾನದಲ್ಲಿದ್ದಳು. ಡ್ರೆಸ್ಸಿಗಾಗಿ ಅಮ್ಮನ ಜೊತೆ ಆರು ಮಾಲ್ ಸುತ್ತಿದ್ದಳು. ನನಗೆ ಹಾಕಿದ್ದು ಒಂದೇ ಕಂಡೀಷನ್. ಆ ಹುಡುಗ ಮಾರ್ಕಸ್ ಬಂದಾಗ ಹಲೋ ಅನ್ನಬೇಕು, ಅಷ್ಟೇ.

ಆದರೆ ಮೊದಲ ಸಲ ಮನೆಗೆ ಬಂದವರನ್ನು ಬರಿಗೈಲಿ ಕಳಿಸೋದು ಹೇಗೆ? ಅದೂ ಕನ್ನಡ ಸಂಘದ ಕಾರ್ಯದರ್ಶಿಯ ಮನೆಯಿಂದ? ರಾಜ್ಯೋತ್ಸವದ ಮುಖ್ಯ ಅತಿಥಿ ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದರಿಂದ ಪೂರ್ತಿ ಒಂದು ಸೆಟ್ ಬೀರುವಿನಲ್ಲಿ ಬಿದ್ದಿತ್ತು. ಹುಡುಗ ಶೂ ಬಿಚ್ಚಿ, ತಲೆ ಬಗ್ಗಿಸಿ ಗುಡ್ ಈವನಿಂಗ್ ಅಂಕಲ್ ಅಂದ. ಬಗ್ಗಿದ ತಲೆ ನೋಡಿದ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ.

ಪೇಟ ತೊಡಿಸುತ್ತಿರುವಾಗ ಅನನ್ಯಾ ರೂಮಿನಿಂದ ಹೊರಬಂದಳು. ಅವಳ ಕೈಗೆ ಡಿಜಿಟಲ್ ಕ್ಯಾಮೆರಾ ಕೊಟ್ಟು, ನಮ್ಮಿಬ್ಬರದೊಂದು ಫೋಟೋ ತೆಗಿ ಅಂದೆ. ತೆಗೆದಳು.

ಎಲ್ಲ ಬಿಚ್ಚಿಡು ಅಂತ ಲಿಫ್ಟಿನಲ್ಲೇ ಮಗಳು ಅಂಗಲಾಚಿದಳಂತೆ. ಹುಡುಗ ಒಪ್ಪಲಿಲ್ಲ. ದೊಡ್ಡವರು ಹಾಕಿದ್ದನ್ನು ತೆಗೆದರೆ ಅಂಕಲ್‌ಗೆ ಅವಮಾನ ಲಾ, ಅಂತ ಇಲ್ಲಿಯವರ ಧಾಟಿಯಲ್ಲೇ ಅಂದನಂತೆ. (ಇಂಥ ಅಳಿಯ ಸಿಗಲು ಪುಣ್ಯ ಬೇಕು. ಇದನ್ನು ಮನೆಯಲ್ಲಿ ಹೇಳಿಲ್ಲ.) ಹೀಗೆ ಸಿಂಗಪುರದ ಎಂಆರ್‌ಟಿ ರೈಲಿನಲ್ಲಿ ಒಬ್ಬ ದಿವಾನರು ತೆಂಗಿನಕಾಯಿ ಹಿಡಿದು ಹೊರಟರು. ಯಾರೋ ಎದ್ದು ಸೀಟು ಬಿಟ್ಟುಕೊಟ್ಟರಂತೆ. ಹೀಲ್ಸ್ ಹಾಕಿದ ನನ್ನ ಮಗಳಿಗಲ್ಲ, ದಿವಾನರಿಗೆ.

ಹೋಟೆಲಿನಲ್ಲಿ ಇಡೀ ಕ್ಲಾಸು ಅವನ ಜೊತೆ ಫೋಟೋಗೆ ಕ್ಯೂ ನಿಂತಿತು. ತೆಗೆದುಕೊಟ್ಟವಳು ಅನನ್ಯಾ. ಬೆಸ್ಟ್ ಡ್ರೆಸ್ಡ್ ಬಹುಮಾನ ಅವನಿಗೇ. ಡ್ಯಾನ್ಸಿನ ಹೊತ್ತಿಗೆ ಹುಡುಗರೆಲ್ಲ ಸರದಿಯಲ್ಲಿ ಪೇಟ ಹಾಕಿಕೊಂಡು ಕುಣಿದರು. ಇವಳು ಮೂಲೆ ಟೇಬಲ್ಲಿನಲ್ಲಿ ತೆಂಗಿನಕಾಯಿ ಕಾಯುತ್ತಾ ಕೂತಿದ್ದಳು.

ಭಾನುವಾರ ಬೆಳಿಗ್ಗೆ ದೋಸೆಯ ಮುಂದೆ ಕೂತು ಇದನ್ನೆಲ್ಲ ಹೇಳಿದಳು. ನಾನು ಬೈಸಿಕೊಳ್ಳಲು ರೆಡಿಯಾಗಿದ್ದೆ. ಅವಳು ಬೈಯಲಿಲ್ಲ.

"ಅಪ್ಪ, ನಿನ್ನೆ ನಾನು ರೂಮಿಂದ ಆಚೆ ಬಂದಾಗ ನೀನು ನನ್ನ ನೋಡಿದ್ಯಾ?"

ನೋಡದೆ ಏನು, ಅಂದೆ. ಸುಳ್ಳು. ನನಗೆ ನಿಜವಾಗಿ ನಾಚಿಕೆಯಾಯಿತು. ಹೆಸರೂ ನೆನಪಿರದ ಎಷ್ಟೋ ಜನರನ್ನು ವೇದಿಕೆಯಲ್ಲಿ ಕೊಂಡಾಡಿದವನು ನಾನು. ಮನೆಯ ಹುಡುಗಿ ಬಾಗಿಲಲ್ಲಿ ನಿಂತು ಒಂದು ಮಾತಿಗೆ ಕಾದಿದ್ದು ಕಾಣಲಿಲ್ಲ.

ಆಫೀಸಿನಲ್ಲಿ ಈ ಕಥೆ ಹೇಳಿ ಎಲ್ಲರನ್ನೂ ನಗಿಸಿದ್ದಾಯಿತು. ಪೇಟದ ಜರಿ, ಹಾರದ ಘಮ, ಒಂದನ್ನೂ ಬಿಡದೆ ವರ್ಣಿಸಿದೆ. ನೀವೂ ನಕ್ಕಿರಬೇಕು.

ಈಗ ಹೇಳಿ, ಅವಳ ಡ್ರೆಸ್ ಯಾವ ಬಣ್ಣದ್ದು?