ಷಡ್ಡಕರ ಕಾರಿಗೆ ಬಂದ ಬೆಲೆ

ಈ ಲೋಕದಲ್ಲಿ ಮನುಷ್ಯ ಕಟ್ಟಿದ್ದು, ಕೊಂಡದ್ದು, ಕೂಡಿಟ್ಟದ್ದು ಎಲ್ಲವೂ ಮೊದಲ ದಿನದಿಂದಲೇ ಸವೆಯುತ್ತ ಹೋಗುತ್ತದೆ. ಇದನ್ನು ಅರಿತವನಿಗೆ ಚಿಂತೆಯಿಲ್ಲ. ನಾನು ಇದನ್ನು ಅರಿತದ್ದು ಶಾಸ್ತ್ರಗ್ರಂಥಗಳಿಂದಲ್ಲ, ನನ್ನ ಷಡ್ಡಕರ ಕಾರು ಯಾವಾಗ ಹಳತಾದೀತು ಎಂದು ನಾಲ್ಕು ವರ್ಷ ಕಾದು ಕೂತದ್ದರಿಂದ. ಚಿಂತೆ ಮಾತ್ರ ಒಂದು ದಿನವೂ ಬಿಟ್ಟಿರಲಿಲ್ಲ.

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಅವರದು ಕುಮಟೆಯಲ್ಲಿ ಬಟ್ಟೆ ಅಂಗಡಿ. ನಾನು ಹೊನ್ನಾವರದಲ್ಲಿ ಹೈಸ್ಕೂಲು ಮಾಸ್ತರ, ಗಣಿತದವನು. ಒಬ್ಬರನ್ನೊಬ್ಬರು ‘ಭಾವ’ ಎಂದೇ ಕರೆಯುತ್ತಿದ್ದೆವು. ನಮ್ಮಿಬ್ಬರ ನಡುವೆ, ಭೂಗೋಳದ ಪ್ರಕಾರವೂ ನಡುವೆಯೇ, ಕರ್ಕಿಯಲ್ಲಿ ಮಾವನ ಮನೆ. ಮಾವನಿಗೆ ಬ್ಯಾಂಕಿಗೆ, ಡಾಕ್ಟರರಲ್ಲಿಗೆ ಎಂದು ವಾರಕ್ಕೊಮ್ಮೆ ಹೊನ್ನಾವರಕ್ಕೆ ಬರುವುದಿರುತ್ತಿತ್ತು. ಕರೆತರುವುದು, ಬಿಟ್ಟುಬರುವುದು ನನ್ನ ಸ್ಕೂಟರಿನ ಹಕ್ಕಾಗಿತ್ತು. ಎರಡು ಸಾವಿರದ ಐದರ ಸುಮಾರಿಗೆ ಭಾವ ಕಾರು ತಂದರು. ಹಕ್ಕು ಕುಮಟೆಗೆ ವರ್ಗವಾಯಿತು.

ಅದು ಬರೀ ಕಾರಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಅದು ಕಾರೂ ಅಲ್ಲ, ಜೀಪೂ ಅಲ್ಲ. ಕಾರಿನ ಮೈ, ಜೀಪಿನ ಎತ್ತರ, ಗಿಡ್ಡ ಬಾಲ. ಒಳಗೆ ಕೂತವರು ದಾರಿಯಲ್ಲಿ ಹೋಗುವವರನ್ನು ಮೇಲಿನಿಂದ ನೋಡಬಹುದು. ಭಾವ ಮೊದಲ ಸಲ ಅದನ್ನು ಮಾವನ ಅಂಗಳಕ್ಕೆ ತಂದು ತೆಂಗಿನಮರದ ಬುಡದಲ್ಲಿ ನಿಲ್ಲಿಸಿದಾಗ ನಾನು ಕಾರನ್ನು ನೋಡುವ ಮೊದಲು ಮರದ ತುದಿ ನೋಡಿದೆ. ಕಾಯಿ ಬಲಿತಿತ್ತು. ಬೀಳಲಿಲ್ಲ.

ಆ ಕಾರು ಮೂರು ದರ್ಜೆಯಲ್ಲಿ ಬರುತ್ತಿತ್ತು. ಕೆಳಗಿನದಕ್ಕೆ ಗಾಜು ಇಳಿಸಲು ಕೈಯಿಂದ ತಿರುಗಿಸುವ ಹಿಡಿಕೆ. ನಡುವಿನದಕ್ಕೆ ಗುಂಡಿ ಒತ್ತಿದರೆ ಇಳಿಯುವ ಗಾಜು, ಹಿಂದಿನ ಗಾಜಿಗೊಂದು ವೈಪರು. ಮೇಲಿನದಕ್ಕೆ ಇವೆಲ್ಲದರ ಜೊತೆ ಮಂಜಿನ ದೀಪ, ಹೊಳೆಯುವ ಚಕ್ರ, ಛಾವಣಿಯ ಮೇಲೆ ಎರಡು ಸರಳು. ಭಾವ ತಂದದ್ದು ಮೇಲಿನದು. ಇದೆಲ್ಲ ನನಗೆ ಗೊತ್ತಿದ್ದದ್ದು ಹೇಗೆಂದರೆ, ಷೋರೂಮಿನವರು ಕೊಟ್ಟ ಬಣ್ಣದ ಪುಸ್ತಿಕೆಯನ್ನು ಅವರು ಮಾವನ ಮನೆಯಲ್ಲಿ ಮರೆತು ಹೋಗಿದ್ದರು. ನಾನು ಅದನ್ನು ಕಾಪಾಡಿದೆ. ಉತ್ತರಪತ್ರಿಕೆಗಳ ಕಟ್ಟಿನ ಅಡಿಯಲ್ಲಿಟ್ಟುಕೊಂಡು ಓದಿದಷ್ಟು ಶ್ರದ್ಧೆಯಿಂದ ನಾನು ಉತ್ತರಪತ್ರಿಕೆಗಳನ್ನೂ ಓದಿದ್ದಿಲ್ಲ. ಹೊಸದನ್ನು ಕೊಳ್ಳುವುದು ನನ್ನ ಸಂಬಳಕ್ಕೆ ಆಗುವ ಮಾತಲ್ಲ. ಆದರೆ ನನಗೆ ಬೇಕಾದದ್ದು ಹೊಸತೂ ಅಲ್ಲ, ನಡುವಿನ ದರ್ಜೆಯದೂ ಅಲ್ಲ, ಅದೇ ಕಾರು. ಒಂದು ದಿನ ಅದರ ಬೆಲೆ ನನ್ನ ಮಟ್ಟಕ್ಕೆ ಇಳಿಯಬೇಕು, ಮಾವ ಅದರ ಮುಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲಿ ಕೂರಬೇಕು. ಆಸೆ ಇಷ್ಟೇ.

ಬೆಲೆ ತಾನಾಗಿ ಇಳಿಯುವವರೆಗೆ ಸುಮ್ಮನಿರುವ ಸ್ವಭಾವ ನನ್ನದಲ್ಲ. ಹಬ್ಬದ ಊಟಕ್ಕೆ ಎಲ್ಲರೂ ಸೇರಿದಾಗ ಆ ಕಾರಿನ ಗುಣಾವಗುಣಗಳನ್ನು ನಿಷ್ಪಕ್ಷಪಾತವಾಗಿ ವಿಮರ್ಶಿಸುವ ಹೊಣೆ ಹೊತ್ತುಕೊಂಡೆ. ನಮ್ಮ ಕಡೆ ಮಂಜೆಲ್ಲಿದೆ, ಮಂಜಿನ ದೀಪಕ್ಕೆ? ಛಾವಣಿಯ ಸರಳಿಗೆ ಕಟ್ಟುವುದೇನು, ಹುಲ್ಲಿನ ಹೊರೆಯೇ? ಹಿಂದಿನ ವೈಪರಿನ ಬಗ್ಗೆ ಮಾತ್ರ ನನಗೆ ಏನೂ ಹೇಳಲಾಗುತ್ತಿರಲಿಲ್ಲ. ಮಳೆಯಲ್ಲಿ ಅದು ಒಂದು ಕೈ ಬೀಸಿದಂತೆ ಆಡುವುದನ್ನು ಸ್ಕೂಟರಿನ ಮೇಲೆ ರೇನ್‌ಕೋಟು ಹೊದ್ದು ಹಿಂದಿನಿಂದ ನೋಡುತ್ತ, ಮುಖದ ಮೇಲಿನ ನೀರನ್ನು ಅಂಗೈಯಿಂದ ಒರೆಸಿಕೊಳ್ಳುತ್ತಿದ್ದೆ. ಕೊನೆಗೆ ನನ್ನ ವಾದ ಬಂದು ನಿಲ್ಲುತ್ತಿದ್ದದ್ದು ರೀಸೇಲಿಗೆ. ಕರಾವಳಿಯ ಗಾಡಿ ಎಂದರೆ ಘಟ್ಟದ ಮೇಲಿನವರು ಮೊದಲು ಬಗ್ಗಿ ತಳ ನೋಡುತ್ತಾರೆ. ಉಪ್ಪುಗಾಳಿಗೆ ತಳ ತುಕ್ಕು ಹಿಡಿದಿರುತ್ತದೆ. ಮೇಲಿನ ದರ್ಜೆಯಾದರೇನು, ಕೆಳಗಿನದಾದರೇನು, ತಳ ಹೋದಮೇಲೆ ಎಲ್ಲವೂ ಒಂದೇ.

ಭಾವ ಇದನ್ನು ನಂಬಿದರು. ಅವರ ಮನೆ ಕಡಲಿಗೆ ತೀರ ಹತ್ತಿರ. ಒಂದು ದಿನ ಶಾಲೆಗೇ ಬಂದು, ತುಕ್ಕಿಗೆ ಏನು ಮಾಡುವುದು, ಷೋರೂಮಿನವರು ಏನೋ ಕಪ್ಪು ಬಳಿಯುತ್ತೇವೆ ಎನ್ನುತ್ತಾರೆ, ಓದಿದವರು ನೀವೇ ಹೇಳಬೇಕು ಎಂದರು. ಆಗ ನನ್ನ ಬಾಯಲ್ಲಿ ಬಂದ ಮಾತಿಗೆ ಓದು ಕಾರಣವಲ್ಲ. ಹೊನ್ನಾವರದ ಹೊಳೆಯಾಚೆಯ ಕಾಸರಕೋಡಿನಲ್ಲಿ ದೋಣಿಯ ಹಲಗೆ ಉಪ್ಪುನೀರಿಗೆ ಕೆಡದಿರಲೆಂದು ಮೀನೆಣ್ಣೆ ಬಳಿಯುತ್ತಾರೆ. ಅದರ ವಾಸನೆ ನನಗೆ ಚೆನ್ನಾಗಿ ಗೊತ್ತಿತ್ತು. “ಮೀನೆಣ್ಣೆ ಹಚ್ಚಿಸಿ ಭಾವ,” ಎಂದೆ, “ದೋಣಿಗೆ ತಡೀತದೆ, ಕಾರಿಗೆ ತಡೆಯೂದಿಲ್ವಾ?”

ನಾನೇ ಕರೆದುಕೊಂಡು ಹೋದೆ. ದೋಣಿ ಕೆಲಸದ ಮುದುಕನೊಬ್ಬ ಕಾರಿನ ಅಡಿಗೆ ಹೊಕ್ಕು, ದೋಣಿಗೂ ಇದಕ್ಕೂ ಭೇದವೆಣಿಸದೆ, ಮೂಲೆ ಮೂಲೆಗೂ ಬಳಿದ. ವಾಪಸು ಬರುವಾಗ ಎರಡು ನಾಯಿಗಳು ಸೇತುವೆಯವರೆಗೆ ಹಿಂಬಾಲಿಸಿದವು. ಮುಂದಿನ ಹದಿನೈದು ದಿನ ಕುಮಟೆಯ ಆ ಕೇರಿಯ ಬೆಕ್ಕುಗಳೆಲ್ಲ ಕಾರಿನ ಅಡಿಯಲ್ಲೇ ಮಲಗಿದವಂತೆ. ಮಾವ ಮೀನು ತಿನ್ನುವವರೇ. ಆದರೆ ತಿನ್ನುವ ಮೀನು ಬೇರೆ, ಕೂತು ಹೋಗುವ ಮೀನು ಬೇರೆ. ವಾಸನೆ ಆರುವವರೆಗೆ ಅವರು ನನ್ನ ಸ್ಕೂಟರಿಗೆ ಮರಳಿದರು. ಭಾವನಿಗೆ ನನ್ನ ಸಲಹೆಯ ಮೇಲೆ ಎಷ್ಟು ಭಕ್ತಿಯೆಂದರೆ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ತಪ್ಪದೆ ಹಚ್ಚಿಸಿದರು. ಹೀಗೆ ವರ್ಷಕ್ಕೆ ಹದಿನೈದು ದಿನ ನನ್ನ ಸುಖದ ಕಾಲ. ಉಳಿದ ದಿನಗಳು ಇದ್ದೇ ಇದ್ದವು.

ನಾಲ್ಕು ವರ್ಷ ತುಂಬಿದ ಮೇಲೆ ಭಾವನಿಗೆ ಹೊಸ ಕಾರಿನ ಮನಸ್ಸಾಯಿತು. ಹಳೆಯದನ್ನು ಹೊರಗಿನವರಿಗೆ ತೋರಿಸುವ ಮೊದಲು ಮನೆಯವರನ್ನು ಕೇಳುವುದು ನಮ್ಮಲ್ಲಿ ಪದ್ಧತಿ, ಆಕಳಾದರೂ ಸರಿ, ಅಲಮಾರಾದರೂ ಸರಿ. ಕರ್ಕಿಯ ಜಗುಲಿಯಲ್ಲಿ ಮಾವನ ಎದುರಿಗೇ ಕೇಳಿದರು. ಬೆಲೆಯನ್ನೂ ನೀವೇ ಹೇಳಿ ಎಂದರು. ನಾನು ಆ ಬೆಲೆಯನ್ನು ಎರಡು ವರ್ಷದಿಂದ ಮನಸ್ಸಿನಲ್ಲಿಟ್ಟು ಸಾಕಿದ್ದೆ. ಅದಕ್ಕೆ ಬೇಕಾದ ಸೊಸೈಟಿ ಸಾಲದ ಅರ್ಜಿಯನ್ನೂ ಬರೆದಿಟ್ಟಿದ್ದೆ. ಹೇಳಿದೆ. ಅದು ಕೆಳಗಿನ ದರ್ಜೆಗೂ ಕಡಿಮೆಯಾಗುವ ಬೆಲೆ. ಒಳಗಿಂದ ನನ್ನ ಹೆಂಡತಿ ಬಾಗಿಲವರೆಗೆ ಬಂದು ನನ್ನ ಮುಖ ನೋಡಿ ಹಿಂದೆ ಹೋದಳು. ಭಾವ “ಆತು,” ಎಂದರು.

ಅಷ್ಟಕ್ಕೆ ನಿಲ್ಲಿಸಿದ್ದರೆ ಕಾರು ನನ್ನದು. ಆದರೆ ಮಾವನ ಮುಖದಲ್ಲಿ, ಈ ಮಾಸ್ತರ ಸಂಬಂಧಿಕನನ್ನು ಸುಲಿಯುತ್ತಿದ್ದಾನೆ ಎಂಬ ಛಾಯೆ ಕಂಡಂತಾಯಿತು. ನನಗೆ ಕಾರೂ ಬೇಕಿತ್ತು, ನ್ಯಾಯವಂತನೆಂಬ ಹೆಸರೂ ಬೇಕಿತ್ತು. ಸಂಬಂಧದಲ್ಲಿ ವ್ಯವಹಾರ ಮಾಡುವಾಗ ಮೂರನೆಯವರ ಕಣ್ಣು ಬೀಳಬೇಕು ಎಂದು ಗಂಟಲು ಸರಿಮಾಡಿಕೊಂಡು ಘೋಷಿಸಿದೆ. ಭಟ್ಕಳದಲ್ಲಿ ಹಳೆಯ ಗಾಡಿ ಕೊಂಡು ಮಾರುವ ಸಾಯ್ಬರೊಬ್ಬರಿದ್ದರು, ಕೊಲ್ಲಿ ದೇಶದಲ್ಲಿ ಬಹಳ ವರ್ಷ ಕಾರು ರಿಪೇರಿ ಮಾಡಿ ಬಂದವರು. ಅವರು ತುಕ್ಕಿನ ಕಾರಿಗೆ ನಾನು ಹೇಳಿದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಹೇಳಲಾರರು ಎಂಬ ಭರವಸೆ ನನಗಿತ್ತು.

ಮುಂದಿನ ಭಾನುವಾರ ಇಬ್ಬರೂ ಅದೇ ಕಾರಿನಲ್ಲಿ ಭಟ್ಕಳಕ್ಕೆ ಹೋದೆವು. ಸಾಯ್ಬರು ಮಂಜಿನ ದೀಪವನ್ನೂ ಸರಳುಗಳನ್ನೂ ಕಣ್ಣೆತ್ತಿ ನೋಡಲಿಲ್ಲ. ಗೋಣಿಚೀಲ ಹಾಸಿ, ಸ್ಕ್ರೂಡ್ರೈವರು ಹಿಡಿದು ನೇರ ಅಡಿಗೆ ಹೋದರು. ಟಕ್ ಟಕ್ ಎಂದು ಬಡಿಯುವ ಸದ್ದು ಮುಂದಿನಿಂದ ಹಿಂದಕ್ಕೆ ಹೋಯಿತು. ಎಲ್ಲಿಯಾದರೂ ಒಂದು ಕಡೆ ಸ್ಕ್ರೂಡ್ರೈವರು ಒಳಗೆ ಇಳಿದೀತು ಎಂದು ನಾನು ಕಿವಿಯಿಟ್ಟಿದ್ದೆ. ಇಳಿಯಲಿಲ್ಲ. ಅವರು ಹೊರಬಂದು ಬೆರಳು ಮೂಸಿ ನೋಡಿಕೊಂಡರು.

“ಇದು ಘಟ್ಟದ ಮೇಲಿನ ಗಾಡಿ ಅಲ್ವಾ?”

“ಅಲ್ಲ ಸಾಯ್ಬ್ರೆ, ಕುಮಟೇದು. ಕಡಲ ಬುಡದಾಗೇ ನಿಲ್ಲೂದು,” ಎಂದರು ಭಾವ.

“ನಮ್ಮ ಕಡೆ ಗಾಡಿ, ಒಂದು ತೂತಿಲ್ಲ! ಎಂತ ಹಾಕಿದ್ರಿ ಇದಕ್ಕೆ?”

ಭಾವ ನನ್ನ ಹೆಗಲ ಮೇಲೆ ಕೈಯಿಟ್ಟರು. “ಎಲ್ಲ ನಮ್ಮ ಭಾವನ ಬುದ್ಧಿ. ಮೀನೆಣ್ಣೆ.”

ಸಾಯ್ಬರು ನನ್ನ ಕಡೆ ನೋಡಿದ ನೋಟದಲ್ಲಿ ನಿಜವಾದ ಗೌರವವಿತ್ತು. ನನ್ನ ಜೀವಮಾನದಲ್ಲಿ ಗಣಿತಕ್ಕಾಗಿ ಯಾರೂ ನನ್ನನ್ನು ಹಾಗೆ ನೋಡಿದ್ದಿಲ್ಲ. ಅವರು ಹೇಳಿದ ಬೆಲೆ ನಾನು ಹೇಳಿದ್ದಕ್ಕೆ ಹತ್ತಿರ ಹತ್ತಿರ ಎರಡು ಪಟ್ಟು. ಒಳಗಿನ ಸೀಟು ಗಾಜು ಎಲ್ಲ ಕೆಳದರ್ಜೆಯವಾಗಿದ್ದರೂ ಇಷ್ಟೇ ಕೊಡುತ್ತಿದ್ದೆ, ತಳಕ್ಕೆ ಕೊಡುವ ಬೆಲೆ ಇದು ಎಂದೂ ಸೇರಿಸಿದರು.

ಭಾವ ನನ್ನನ್ನು ಅಂಗಡಿಯ ಮಾಡಿನ ಕೆಳಗೆ ಪಕ್ಕಕ್ಕೆ ಕರೆದರು. ತಗ್ಗಿದ ಸ್ವರದಲ್ಲಿ, “ಭಾವ, ಅವ್ರು ಎಂತ ಬೇಕಾರೂ ಹೇಳ್ಲಿ. ಕರ್ಕಿಲಿ ನೀವು ಹೇಳಿದ್ರಿ, ನಾ ಆತು ಅಂದೆ. ಅದೇ ಬೆಲೆ. ಗಾಡಿ ನಿಮ್ದು,” ಎಂದರು.

ನಾಲ್ಕು ವರ್ಷ ಆ ಮನುಷ್ಯನ ಚಕ್ರ, ಗಾಜು, ವೈಪರು ನೋಡಿ ಹೊಟ್ಟೆ ಉರಿದದ್ದು ಒಂದು ಕಡೆ, ಆ ಗಳಿಗೆಯಲ್ಲಿ ಉರಿದದ್ದು ಇನ್ನೊಂದು ಕಡೆ. ಕಾರನ್ನು ಕೊಟ್ಟುಬಿಡುವುದರಲ್ಲೂ ಅವರೇ ಮೇಲಿನ ದರ್ಜೆ. ಇನ್ನು ಮಾವ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತರೂ, ಇದು ದೊಡ್ಡ ಅಳಿಯ ಅರ್ಧ ಬೆಲೆಗೆ ಕೊಟ್ಟದ್ದು ಎಂದೇ ಕೂರುತ್ತಾರೆ. ಅದನ್ನು ಅಳಿಸುವ ವೈಪರು ಯಾವ ದರ್ಜೆಯಲ್ಲೂ ಇರಲಿಲ್ಲ.

“ಛೆ ಛೆ,” ಎಂದೆ. “ನಿಮಗೆ ನಷ್ಟ ಮಾಡಿ ನಾ ಕಾರು ಹತ್ತೂದಾ? ಸಾಯ್ಬರಿಗೇ ಕೊಡಿ. ನಂಗೆ ಆ ಗಾಡಿ ಮೇಲೆ ಅಂಥಾ ಮನಸ್ಸೇನಿಲ್ಲ.”

ಅವರು ಎರಡು ಸಲ ಕೇಳಿದರು. ನಾನು ಎರಡು ಸಲವೂ ಅದನ್ನೇ ಹೇಳಿದೆ. ಮೂರನೆಯ ಸಲ ಅವರು ಕೇಳಲಿಲ್ಲ. ಸಾಯ್ಬರು ಚಾ ತರಿಸಿದರು, ಕಾಗದಪತ್ರ ನೋಡಿದರು, ಕೀಲಿಕೈ ತೆಗೆದುಕೊಂಡರು.

ಭಟ್ಕಳದಿಂದ ಇಬ್ಬರೂ ಬಸ್ಸಿನಲ್ಲಿ ಬಂದೆವು. ಟಿಕೆಟು ಅವರೇ ತೆಗೆದರು. ನಾನು ಹೊನ್ನಾವರದಲ್ಲಿ ಇಳಿದೆ, ಅವರು ಕುಮಟೆಗೆ ಹೋದರು.