ಕಪಾಟಿನ ಮೇಲಿನ ತೆರೆದ ಬಾಟಲಿ

ನಾನು ಮೊದಲು ನೋಡಿದ್ದು ಸೆಕೊಂದೀನಕ್ಕನ ಕಾಲುಗಳನ್ನು. ಮಿಕ್ಕ ಮೈಯೆಲ್ಲ ಪೀಪಾಯಿಯೊಳಗಿತ್ತು. ನಮ್ಮ ಮಾವ ಒರೆಸ್ತೆಯವರ ನೆಲಮಾಳಿಗೆಯ ಪೀಪಾಯಿಗಳು ಎರಡಾಳೆತ್ತರದವು. ಬುಡದಲ್ಲಿ ಒಂದು ಪುಟ್ಟ ಬಾಗಿಲು. ಮೊದಲು ಒಂದು ಕೈ, ಆಮೇಲೆ ತಲೆ, ಆಮೇಲೆ ಇನ್ನೊಂದು ಕೈ, ಹೀಗೆ ನುಸುಳಿ ಒಳಗಿನ ಗಸಿ ಉಜ್ಜಿ ತೆಗೆಯಬಲ್ಲವಳು ಈ ಗುಡ್ಡಸಾಲಿನಲ್ಲೇ ಅವಳೊಬ್ಬಳು. ಒಳಗಿರುವಷ್ಟು ಹೊತ್ತೂ ಹಾಡುತ್ತಿರಬೇಕು, ಹೊರಗೊಬ್ಬರು ಕೇಳುತ್ತ ನಿಂತಿರಬೇಕು. ಹಾಡು ನಿಂತರೆ ಒಳಗಿನ ಗಾಳಿಗೆ ಉಸಿರುಕಟ್ಟಿದೆ ಎಂದರ್ಥ, ಕಾಲು ಹಿಡಿದು ಎಳೆಯಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. ಅವಳ ರಾಗ ಕೇಳಿದರೆ ಹಾಡು ನಿಲ್ಲುವ ಮೊದಲೇ ಎಳೆದುಬಿಡೋಣ ಎನ್ನಿಸುತ್ತಿತ್ತು.

ನಾನು ಕೆಳಗಿನ ಬಯಲಿನ ಭತ್ತದ ಗದ್ದೆಯವಳು. ನಮ್ಮಲ್ಲಿ ವೈನ್ ಎಂದರೆ ಊಟದ ಜೊತೆ ಕುಡಿದು ಮುಗಿಸುವುದು. ಇಲ್ಲಿ ಅದನ್ನು ಇಟ್ಟು ಕಾಯುತ್ತಾರೆ. ಮಗು ಹುಟ್ಟಿದ ವರ್ಷದ ವೈನನ್ನು ಅದರ ಮದುವೆಗೆಂದು ಎತ್ತಿಡುವುದು ಈ ಮನೆಯ ಪದ್ಧತಿ.

ನನ್ನ ಮಗಳು ಫ್ಲಾವಿಯಾ ಹುಟ್ಟಿದ ವರ್ಷ ಚಳಿ ಬೇಗ ಇಳಿದು ದ್ರಾಕ್ಷಿ ಸರಿಯಾಗಿ ಮಾಗಲಿಲ್ಲ. ಎರಡೂವರೆ ವರ್ಷ ಪೀಪಾಯಿಯಲ್ಲಿದ್ದರೂ ಒಗರು ಇಳಿಯಲಿಲ್ಲ. ಮಾವ ಒಂದು ಗುಟುಕು ಕುಡಿದು ಉಗಿದರು. ಮುಂದಿನ ಶನಿವಾರ ಬಯಲಿನ ವ್ಯಾಪಾರಿ ಬರಲಿ, ಪೀಪಾಯಿಪೂರ್ತಿ ಹೆಂಡದಂಗಡಿಗೆ ಒಯ್ಯಲಿ, ಮಗುವಿಗೆ ಬೇರೆ ಯಾವುದಾದರೂ ಒಳ್ಳೆಯ ವರ್ಷದ್ದು ಇಡೋಣ ಎಂದರು. ಬೇಡ ಎನ್ನಬೇಕೆಂದಿದ್ದೆ, ಆದರೆ ಗದ್ದೆಯವಳ ಮಾತು ಯಾರಿಗೆ ಬೇಕು?

ಸೆಕೊಂದೀನಕ್ಕ ಸುಮ್ಮನಿರಲಿಲ್ಲ. "ಯಜಮಾನ್ರೆ, ಇದು ಕೆಟ್ಟಿಲ್ಲ, ಮುನಿಸ್ಕೊಂಡಿದೆ ಅಷ್ಟೆ. ಮದುವೆಗೆ ಮುಂಚೆ ನೀವೂ ಹಿಂಗೇ ಇದ್ರಿ."

"ಪೀಪಾಯಿ ಉಜ್ಜೋಳು ಪೀಪಾಯಿ ಉಜ್ಜು," ಎಂದು ಮಾವ ಮೇಲಕ್ಕೆ ಹೋದರು.

ಅವಳು ಅದೇ ಪೀಪಾಯಿಯಿಂದ ಒಂದು ಬಾಟಲಿ ತುಂಬಿಸಿ, ಗಾಳಿಯಾಡಲೆಂದು ಒಂದು ಲೋಟದಷ್ಟು ಚೆಲ್ಲಿ, ಬಿರಡೆ ಹಾಕದೆ ನನ್ನ ಅಡಿಗೆಮನೆಯ ಕಪಾಟಿನ ಮೇಲಿಟ್ಟಳು. ಬಾಯಿ ತೆರೆದುಕೊಂಡು ಒಂದು ವಾರ ತಡೆಯುವ ವೈನ್ ಬಾಯಿ ಮುಚ್ಚಿಕೊಂಡು ನಲವತ್ತು ವರ್ಷ ಬಾಳುತ್ತದೆ ಎನ್ನುವುದು ಅವಳ ಲೆಕ್ಕಾಚಾರ. ದಿನಾ ಸಂಜೆ ಬಂದು ಒಂದು ಚಮಚ ಕುಡಿಯುವಳು. ಮೊದಲ ದಿನ ಮುಖ ಸಿಂಡರಿಸಿದಳು. ಮೂರನೆಯ ದಿನ ಚಮಚ ನೆಕ್ಕಿಟ್ಟಳು. ಐದನೆಯ ದಿನ ಇನ್ನೊಂದು ಚಮಚ ಕೇಳಿದಳು.

ನಿನಗೇಕಿಷ್ಟು ಹಟ ಎಂದು ಕೇಳಿದೆ. ಇಲ್ಲಿಯ ಮಾತಿನಲ್ಲಿ ಸೆಕೊಂದೀನಾ ಎಂದರೆ ಎರಡನೆಯವಳು ಎಂದಷ್ಟೇ ಅರ್ಥ, ನಿಮಗೆ ಗೊತ್ತಿರಲಿ.

"ನಾ ಹುಟ್ಟಿದಾಗ, ಇನ್ನೊಂದು ಹೆಣ್ಣು ಅಂತ ಲೆಕ್ಕಕ್ಕೆ ಹಾಕ್ಕೊಂಡ್ರು ಕಣೆ, ಹೆಸರು ಹುಡುಕಲಿಲ್ಲ. ಬಾಟ್ಲಿ ಯಾರಿಡ್ತಾರೆ? ಈ ಕೂಸಿಗಾದ್ರೂ ಅದರ ವರ್ಷ ಅದಕ್ಕಿರ್ಲಿ."

ಏಳನೆಯ ದಿನ ಶುಕ್ರವಾರ. ಮರುದಿನ ವ್ಯಾಪಾರಿ ಬರುವವನು. ಮಧ್ಯಾಹ್ನ ಮಾವನಿಗೆ ಮಾಂಸದ ಹೂರಣದ ಪುಟ್ಟ ಕಡುಬನ್ನು ಬಿಸಿ ಸಾರಿನಲ್ಲಿ ಬಡಿಸಿದೆ. ಸಾರಿಗೆ ಕೆಂಪು ವೈನ್ ಸುರಿದುಕೊಳ್ಳದೆ ಅವರಿಗೆ ಊಟ ಇಳಿಯುವುದಿಲ್ಲ. ಕಂಕುಳಲ್ಲಿ ಅಳುವ ಮಗು. ಕೈಗೆ ಸಿಕ್ಕ ಬಾಟಲಿ ಎತ್ತಿ ಮುಂದಿಟ್ಟೆ. ಅವರು ಸುರಿದುಕೊಂಡು ಎರಡು ಚಮಚ ಕುಡಿದರು, ನಿಲ್ಲಿಸಿದರು, ಬೇರೆ ಲೋಟ ತರಿಸಿ ಅದರಲ್ಲಿ ಹಾಕಿಕೊಂಡು ಬರಿದೇ ಕುಡಿದರು.

"ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?"

ಕಪಾಟಿನತ್ತ ನೋಡಿದೆ. ಖಾಲಿ. ನಾನು ಕೊಟ್ಟದ್ದು ಸೆಕೊಂದೀನಕ್ಕನ ಬಾಟಲಿ. ಸಂಜೆಯ ತನಕ ಕಾಯಲಾರದೆ ಆಗಷ್ಟೇ ಬಂದಿದ್ದ ಸೆಕೊಂದೀನಕ್ಕ ಬಾಗಿಲಲ್ಲೇ ನಿಂತು ಹೇಳಿದಳು, "ನಾಳೆ ಮಾರಕ್ಕೆ ಹೊರಟಿದೀರಲ್ಲ, ಅದೇ."

ಮಾವ ಸಾರಿನ ಬಟ್ಟಲನ್ನು ಎತ್ತಿ ಕೊನೆಯ ಹನಿಯವರೆಗೂ ಕುಡಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ವ್ಯಾಪಾರಿಗೆ ಫೋನ್ ಮಾಡಮ್ಮ. ದಾರಿ ದೂರ, ಸುಮ್ನೆ ಯಾಕೆ ಬರ್ತಾನೆ," ಎಂದರು. ಸೋತೆ ಎನ್ನುವುದಕ್ಕೆ ಅವರಲ್ಲಿ ಬೇರೆ ಮಾತಿರಲಿಲ್ಲ.

ಫ್ಲಾವಿಯಾಳ ಮದುವೆ ಕಳೆದ ಸೆಪ್ಟೆಂಬರಿನಲ್ಲಾಯಿತು. ಪೀಪಾಯಿಗೆ ಈಗ ಅವಳೇ ನುಸುಳುತ್ತಾಳೆ. ಹೊರಗೆ ಕುರ್ಚಿ ಹಾಕಿಕೊಂಡು ಹಾಡು ಕೇಳುವವಳು ಸೆಕೊಂದೀನಕ್ಕ, ಎಪ್ಪತ್ತೆಂಟರ ಮುದುಕಿ. ಮದುವೆಯ ದಿನ ಅಂಗಳದ ಮೇಜಿನ ಮೇಲೆ ಫ್ಲಾವಿಯಾಳ ವರ್ಷದ ಬಾಟಲಿಗಳನ್ನು ತಂದು ಸಾಲಾಗಿ ನಿಲ್ಲಿಸಿದೆವು. ಮೊದಲ ಲೋಟವನ್ನು ಫ್ಲಾವಿಯಾ ಗಂಡನಿಗೂ ಕೊಡಲಿಲ್ಲ, ನನಗೂ ಕೊಡಲಿಲ್ಲ. ಸೀದಾ ಮುದುಕಿಯ ಕೈಗಿಟ್ಟಳು.

ಅವಳು ಕುಡಿದು ಬಹಳ ಹೊತ್ತು ನಾಲಿಗೆ ಆಡಿಸಿದಳು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಇನ್ನೂ ಬಿಗಿ ಇದೆ," ಎಂದಳು. "ಅರ್ಧದಷ್ಟು ಬಾಟ್ಲಿ ಮತ್ತೆ ಕೆಳಗಿಡು ಮಗಾ. ನಿನ್ನ ಮಗಳ ಮದ್ವೆ ಹೊತ್ತಿಗೆ ಹದಕ್ಕೆ ಬರತ್ತೆ. ಆಗ ಕುಡಿದು ನೋಡೋಣ."

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಮದುವೆಯ ಬಟ್ಟೆಯಲ್ಲೇ ಅರ್ಧದಷ್ಟು ಬಾಟಲಿಗಳನ್ನು ಮತ್ತೆ ಕೆಳಗಿಳಿಸಿದೆವು. ಮೆಟ್ಟಿಲಲ್ಲಿ ದೀಪ ಹಿಡಿದು ಮುಂದೆ ನಡೆದವಳು ಸೆಕೊಂದೀನಕ್ಕನೇ.