ಹಾಜರಾಬಿಯ ಕೈಗುಣ

ಬೀಜ ಮೊಳೆಯುವುದು ಬೀಜದ ಗುಣದಿಂದ, ಕೊಟ್ಟವರ ಕೈಗುಣದಿಂದಲ್ಲ. ಇದನ್ನು ಸರ್ಕಾರ ನನಗೆ ತರಬೇತಿ ಕೊಟ್ಟು ಕಲಿಸಿತ್ತು. ಹತ್ತಿಮತ್ತೂರಿನ ಹೆಂಗಸರಿಗೆ ಕಲಿಸಿರಲಿಲ್ಲ. ಮುಂಗಾರಿ ಜೋಳ ಬಿತ್ತುವ ಹೊತ್ತಿಗೆ ಅವರು ಹಾಜರಾಬಿಯ ಮನೆಗೆ ಹೋಗಿ ಉಡಿಯೊಡ್ಡಿ ಬೀಜ ಹಾಕಿಸಿಕೊಳ್ಳುತ್ತಿದ್ದರು. ಆಕೆಯನ್ನೇ ಹೊಲಕ್ಕೆ ಕರೆದೊಯ್ದು, ಬೀಜ ಬಿತ್ತುವ ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿಯನ್ನು ಆಕೆಯ ಕೈಯಿಂದಲೇ ಬಿಡಿಸುತ್ತಿದ್ದರು. ಆಕೆ ಮುಟ್ಟಿದ್ದು ಹುಸಿ ಹೋಗುವುದಿಲ್ಲವಂತೆ. ಎಂಥ ಮೂಢನಂಬಿಕೆ ಎಂದು ನಾನು ನಗುತ್ತಿದ್ದೆ. ನನ್ನ ಆ ನಗೆಗಿಷ್ಟು ಬೆಂಕಿ ಹಾಕ.

ನಾನು ಪ್ರಹ್ಲಾದ, ಸವಣೂರಿನವನು. ನಮ್ಮ ಮನೆತನದಲ್ಲಿ ಶಾಸ್ತ್ರ ಓದಿದವರೇ ಎಲ್ಲ, ನೇಗಿಲು ಮುಟ್ಟಿದವರು ಒಬ್ಬರೂ ಇಲ್ಲ. ೧೯೮೧ರಲ್ಲಿ ಹತ್ತಿಮತ್ತೂರೂ ಸೇರಿ ಎಂಟು ಊರುಗಳಿಗೆ ನಾನೇ ಗ್ರಾಮಸೇವಕ. ಹೊಸ ಬೀಜ, ಗೊಬ್ಬರ, ಕೀಟದ ಔಷಧಿ ಇವುಗಳ ಬಗ್ಗೆ ರೈತರಿಗೆ ತಿಳಿಹೇಳುವ ಕೆಲಸ. ಹದಿನೈದು ದಿನಕ್ಕೊಮ್ಮೆ, ಗೊತ್ತುಪಡಿಸಿದ ದಿನವೇ ಒಂದೊಂದು ಊರಿಗೆ ಹೋಗಬೇಕು, ಪಟ್ಟಿಯಲ್ಲಿದ್ದ ರೈತರನ್ನೇ ಕಾಣಬೇಕು, ಕಂಡದ್ದನ್ನು ಡೈರಿಯಲ್ಲಿ ಬರೆದು ಮೇಲಿನವರ ಸಹಿ ತೆಗೆದುಕೊಳ್ಳಬೇಕು. ಎರೆಮಣ್ಣಿನ ದಾರಿಯಲ್ಲಿ ಸೈಕಲ್ ತುಳಿದದ್ದಕ್ಕಿಂತ ಹೊತ್ತದ್ದೇ ಹೆಚ್ಚು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯದೆ ಸೈಕಲ್ಲಿನ ಮೇಲೆಯೇ ಮಾಡಿಕೊಳ್ಳುತ್ತಿದ್ದೆ.

ಹಾಜರಾಬಿಯ ಗಂಡ ಮಜೀದ ನನ್ನ ಪಟ್ಟಿಯಲ್ಲಿದ್ದ. ನಾಲ್ಕು ಎಕರೆ ಹೊಲ ಅವನ ಹೆಸರಿನಲ್ಲಿತ್ತು, ಅವನಿಗೆ ಸಹಿ ಹಾಕಲು ಬರುತ್ತಿತ್ತು. ಇಷ್ಟು ಸಾಕು, ಸರ್ಕಾರದ ಲೆಕ್ಕದಲ್ಲಿ ಅವನು ಮಾದರಿ ರೈತ. ನಿಜ ಹೇಳಬೇಕೆಂದರೆ ಅವನು ಸವಣೂರಿನ ವೀಳ್ಯದೆಲೆ ಅಂಗಡಿಯಲ್ಲಿ ದುಡಿಯುತ್ತಿದ್ದ. ಮುಂಜಾನೆಯ ಮೊದಲ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಹೊಲ ಹಸನು ಮಾಡಿಸುವುದು, ಕಳೆ ತೆಗೆಸುವುದು, ಹಕ್ಕಿ ಕಾಯುವುದು, ಕೊಯ್ಯಿಸುವುದು ಎಲ್ಲ ಹಾಜರಾಬಿಯದೇ.

ನಾನು ಅವರ ಮನೆಗೆ ಹೋಗುತ್ತಿದ್ದದ್ದು ಮಧ್ಯಾಹ್ನ. ಓಣಿಯಲ್ಲಿ ನಿಂತು ಮಜೀದ ಇದ್ದಾನೆಯೇ ಎಂದು ಕೂಗುತ್ತಿದ್ದೆ. ಪರದೆಯ ಹಿಂದಿನಿಂದ ಉತ್ತರ ಬರುತ್ತಿತ್ತು: "ಮನ್ಯಾಗ ಯಾರೂ ಇಲ್ರಿ."

ಹೇಳುವವಳು ಮನೆಯೊಳಗೇ ಇದ್ದಾಳೆ, ಯಾರೂ ಇಲ್ಲ ಎನ್ನುತ್ತಾಳೆ! ಆದರೆ ಅದರಲ್ಲಿ ವಿಚಿತ್ರವೇನೂ ನನಗೆ ಕಾಣಲಿಲ್ಲ. ನಮ್ಮ ಕಡೆ ಗಂಡಸರು ಇಲ್ಲದಾಗ ಹೆಂಗಸರು ಹೇಳುವುದೇ ಹಾಗೆ. ನಮ್ಮವ್ವ ಯಮುನಾಬಾಯಿಯೂ ಹಾಗೆಯೇ ಹೇಳುತ್ತಿದ್ದಳು, ಮಡಿಯುಟ್ಟು ಒಲೆಯ ಮುಂದೆ ಕುಳಿತು. ನಾನು ಡೈರಿ ತೆಗೆದು 'ಮನೆಯಲ್ಲಿ ಯಾರೂ ಇರಲಿಲ್ಲ' ಎಂದು ಬರೆದು ಮುಂದಿನ ಮನೆಗೆ ಹೋಗುತ್ತಿದ್ದೆ. ಒಮ್ಮೆ ಮಾತ್ರ, ನಾನು ಸೈಕಲ್ ತಿರುಗಿಸುವಾಗ, ಏನಾದರೂ ಹೇಳುವುದಿತ್ತೇ ಎಂದು ಒಳಗಿನಿಂದ ಕೇಳಿದಳು. ಮಜೀದನಿಗೇ ಹೇಳುತ್ತೇನೆ ಎಂದು ಹೊರಟುಬಿಟ್ಟೆ.

ಆ ವರ್ಷ ಹೈಬ್ರಿಡ್ ಜೋಳದ ಬೀಜ ಬಂದಿತ್ತು. ಚಾವಡಿಯಲ್ಲಿ ರೈತರನ್ನು ಕೂಡಿಸಿ, ಚಹಾ ಕುಡಿಸಿ, ಒಂದೊಂದು ಚೀಲ ಕೊಟ್ಟೆವು. ನಾನು ಗಂಟಲು ಹರಿದುಕೊಂಡು ಹೇಳಿದೆ: ಈ ಬೀಜ ಒಂದೇ ಬೆಳೆಗೆ; ಇದರ ತೆನೆಯಿಂದ ಬೀಜ ಮಾಡಿ ಮತ್ತೆ ಬಿತ್ತಬೇಡಿರಿ, ಬೆಳೆ ಕೆಡುತ್ತದೆ; ಪ್ರತಿವರ್ಷ ಹೊಸದನ್ನೇ ತರಬೇಕು. ಎಲ್ಲರೂ ತಲೆಯಾಡಿಸಿದರು. ರಜೆ ಹಾಕಿ ಬಂದಿದ್ದ ಮಜೀದನೂ ಆಡಿಸಿದ. ಅವನ ಓಣಿಯ ಗುಡ್ಡಪ್ಪನಂತೂ ಎರಡು ಸಲ ಆಡಿಸಿದ.

ಅಲ್ಲಿ ಕುಳಿತಿದ್ದ ಗಂಡಸರಲ್ಲಿ ತಮ್ಮ ಮನೆಯ ಬೀಜದ ಗಡಿಗೆ ಯಾವ ಮೂಲೆಯಲ್ಲಿದೆ ಎಂದು ಬಲ್ಲವನು ಒಬ್ಬನೂ ಇರಲಿಲ್ಲ. ತೆನೆ ಆರಿಸಿ ಬೀಜ ಕಟ್ಟುವುದು ಹೆಂಗಸರ ಕೆಲಸ. ಹಾಜರಾಬಿಯ ಕೈಗುಣಕ್ಕೆ ನಗುತ್ತಿದ್ದ ನನಗೂ ಅದು ಹೊಳೆದಿರಲಿಲ್ಲ. ಹೊಳೆದಿದ್ದರೂ ಏನು ಮಾಡುತ್ತಿದ್ದೆನೋ, ದೇವರಿಗೇ ಗೊತ್ತು.

ಹೈಬ್ರಿಡ್ ಬೆಳೆ ನೋಡಿದವರ ಕಣ್ಣು ಬೀಳುವಂತೆ ಬಂತು. ಹಾಜರಾಬಿ ಕೊಯ್ಲಿಗೆ ಮುಂಚೆ ಹೊಲದಲ್ಲಿ ಸಾಲು ಸಾಲು ತಿರುಗಿ, ಒಳ್ಳೊಳ್ಳೆಯ ತೆನೆಗಳಿಗೆ ಚಿಂದಿ ಕಟ್ಟಿ ಗುರುತು ಮಾಡಿದಳು. ಅವನ್ನು ಬೇರೆಯಾಗಿ ಕೊಯ್ದು, ಒಣಗಿಸಿ, ಎತ್ತಿನಿಂದ ತುಳಿಸದೆ ಕೈಯಿಂದ ಬಡಿದು, ಬೂದಿ ಕಲಸಿ, ಬೇವಿನ ಸೊಪ್ಪು ಹಾಕಿ ಗಡಿಗೆಯ ಬಾಯಿ ಮೆತ್ತಿದಳು. ಇಷ್ಟು ಚಂದದ ಬೀಜ ಕೈಗೆ ಬಂದ ಮೇಲೆ ಹಳೆಯದು ಯಾಕೆ ಎಂದು, ಅತ್ತೆಯ ಕಾಲದಿಂದ ಕಾದಿಟ್ಟಿದ್ದ ಜವಾರಿ ಬೀಜವನ್ನು ಬೀಸಿ ರೊಟ್ಟಿ ಮಾಡಿದಳು. ಮರುವರ್ಷ ಒಂಬತ್ತು ಮನೆಯ ಹೆಂಗಸರು ಬಂದರು. ಮೊದಲು ಬಂದವಳು ಗುಡ್ಡಪ್ಪನ ಹೆಂಡತಿ ಉಡಚವ್ವ. ಹಾಜರಾಬಿ ಒಂಬತ್ತು ಉಡಿ ತುಂಬಿದಳು, ಒಂಬತ್ತು ಹೊಲಕ್ಕೆ ಹೋಗಿ ಮೊದಲ ಹಿಡಿ ಬಿಟ್ಟು ಬಂದಳು.

ಅಕ್ಟೋಬರ್ ಹೊತ್ತಿಗೆ ಆ ಹೊಲಗಳನ್ನು ನೋಡಲಾಗುತ್ತಿರಲಿಲ್ಲ. ಒಂದು ದಂಟು ಆಳೆತ್ತರ, ಪಕ್ಕದ್ದು ಮೊಣಕಾಲುದ್ದ. ಮೊದಲು ಬಲಿತ ತೆನೆಯನ್ನು ಹಕ್ಕಿ ತಿಂದವು, ಹಿಂದೆ ಬಿದ್ದದ್ದು ಕಾಳು ಬಲಿಯದೆ ಹಾಲಿನಲ್ಲೇ ಉಳಿಯಿತು. ಕಾಳು ಕಟ್ಟಿದ ತೆನೆಯೂ ಅರ್ಧ ಜೊಳ್ಳು. ನಾನು ಮಜೀದನಿಗೆ ಮುಖಕ್ಕೆ ಮಂಗಳಾರತಿ ಎತ್ತಬೇಕೆಂದು ಸಿಟ್ಟಿನಿಂದ ಹೊಲಕ್ಕೆ ಹೋದೆ. ಅವನೆಲ್ಲಿ ಇರುತ್ತಾನೆ! ಹಾಜರಾಬಿ ಬದುವಿನ ಮೇಲೆ ಕುಳಿತಿದ್ದಳು. ಎರಡು ವರ್ಷದಲ್ಲಿ ಆಕೆಯ ಮುಖ ನೋಡಿದ್ದು ಅದೇ ಮೊದಲು. ನಲವತ್ತರ ಹೆಂಗಸು, ಬಿಸಿಲಿಗೆ ಕಪ್ಪಾದ ಮುಖ, ಅತ್ತು ಬಾತ ಕಣ್ಣು. ನನ್ನನ್ನು ಕಂಡು ಸೆರಗು ಎಳೆದುಕೊಂಡಳು, ಆದರೆ ಎದ್ದು ಹೋಗಲಿಲ್ಲ.

"ಸಾಹೇಬ್ರ, ಓದಿದವರು ನೀವು. ನನ್ನ ಕೈಗೆ ಏನಾಗೇತ್ರಿ?"

ಊರಿನಲ್ಲಿ ಆಗಲೇ ಮಾತು ಹುಟ್ಟಿತ್ತು. ಹಾಜರಾಬಿಯ ಕೈ ಕೆಟ್ಟಿದೆ ಎಂದು ಉಡಚವ್ವ ಬಾವಿಕಟ್ಟೆಯಲ್ಲಿ ಎಲ್ಲರೆದುರು ಅಂದಿದ್ದಳು. ಹಿಂಗಾರಿ ಬಿತ್ತನೆಗೆ ಆಕೆಯನ್ನು ಒಬ್ಬರೂ ಕರೆದಿರಲಿಲ್ಲ. ಎದುರಿಗೆ ಬಂದ ಊರಿನ ಸೊಸೆಯರು ಮಡಿಲಿನ ಬೀಜಕ್ಕೆ ಸೆರಗು ಮುಚ್ಚಿಕೊಂಡು ಸರಿದುಹೋಗಿದ್ದರು. ಹೊಟ್ಟೆಗೆ ಹೇಗೋ ಆಗುತ್ತದೆ, ಗಂಡ ದುಡಿದು ತರುತ್ತಾನೆ, ಆದರೆ ಇಪ್ಪತ್ತು ವರ್ಷ ಊರಿಗೆಲ್ಲ ಬೀಜ ಕೊಟ್ಟ ಹೆಸರು ಹೋಯಿತಲ್ಲ ಎಂದಳು. ಕೈಗೆ ಏನೂ ಆಗಿಲ್ಲ, ಆ ಬೀಜದ ಜಾತಿಯೇ ಹಾಗೆ, ಯಾರು ಕಟ್ಟಿಟ್ಟರೂ ಹೀಗೇ ಆಗುತ್ತಿತ್ತು ಎಂದು ನನಗೆ ತಿಳಿದಷ್ಟು ಬಿಡಿಸಿ ಹೇಳಿದೆ. ಎಲ್ಲ ಕೇಳಿಸಿಕೊಂಡು, ಇದನ್ನು ಮೊದಲೇ ಯಾರಿಗಾದರೂ ಹೇಳಿದ್ದಿರೇ ಎಂದಳು. ಮಜೀದನಿಗೆ ಹೇಳಿದ್ದೆ ಎಂದೆ.

"ಈಗರ ಊರಾಗ ಹೇಳ್ರಿ. ಅಷ್ಟ ಮಾಡ್ರಿ ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೇನಿ."

ಮಾತು ಕೊಟ್ಟೆ, ಉಳಿಸಿಕೊಂಡೆ ಕೂಡ. ಮುಂದಿನ ವಾರವೇ ಚಾವಡಿಯಲ್ಲಿ ಎಲ್ಲರನ್ನೂ ಕೂಡಿಸಿದೆ. ಹಾಜರಾಬಿಯದು ತಪ್ಪಿಲ್ಲ, ಹೈಬ್ರಿಡ್ ಬೀಜವನ್ನು ಮತ್ತೆ ಬಿತ್ತಿದ್ದೇ ತಪ್ಪು ಎಂದು ಒಂದು ತಾಸು ಮಾತಾಡಿದೆ. ಗುಡ್ಡಪ್ಪ ಬೀಡಿ ಆರಿಸಿ ನಕ್ಕ. "ಹೋದ ವರ್ಸನ ಹೇಳಿದ್ರಲ್ರಿ ನೀವು. ನಮಗೆಲ್ಲಾ ಗೊತ್ತೈತ್ರಿ." ಹೌದು ಹೌದು ಎಂದರು ಉಳಿದವರು. ನನ್ನ ಎದೆಯ ಭಾರ ಇಳಿಯಿತು. ಡೈರಿಯಲ್ಲಿ 'ರೈತರಿಗೆ ತಿಳಿವಳಿಕೆ ನೀಡಲಾಯಿತು' ಎಂದು ಬರೆದೆ. ಮೇಲಿನವರು ಶಹಬ್ಬಾಸ್ ಎಂದು ಸಹಿ ಹಾಕಿದರು.

ಮರುವರ್ಷ ಜೂನಿನಲ್ಲಿ ನನಗೆ ಹಿರೇಕೆರೂರು ಕಡೆಗೆ ವರ್ಗವಾಯಿತು. ಹೋಗುವ ಮುಂಚೆ ಹೇಳಿಹೋಗೋಣವೆಂದು ಬಸ್ಸಿನಲ್ಲಿ ಹತ್ತಿಮತ್ತೂರಿಗೆ ಬಂದೆ. ಹದವಾದ ಮಳೆಯಾಗಿತ್ತು, ಹೊಲಗಳಲ್ಲೆಲ್ಲ ಕೂರಿಗೆ ನಡೆದಿದ್ದವು. ಹಾಜರಾಬಿಯ ಹೊಲದಲ್ಲೂ ಬಿತ್ತನೆ ನಡೆದಿತ್ತು. ಆಕೆ ಬದುವಿನ ಮೇಲೆ ಕೈಕಟ್ಟಿ ನಿಂತಿದ್ದಳು. ಕೂರಿಗೆಯ ಹಿಂದೆ ಬೀಜ ಬಿಡುತ್ತಿದ್ದವಳು ಬೇರೆ ಓಣಿಯ ದುರಗವ್ವ, ಕೂಲಿಗೆ ಬಂದವಳು.

ಮೊದಲ ಹಿಡಿ ಬಿಡಲು ಹೆಂಗಸರು ಕರೆಯಲು ಬರುತ್ತಿದ್ದಾರೆಯೇ ಎಂದು ಕೇಳಿದೆ, ಸ್ವಲ್ಪ ಜಂಬದಿಂದಲೇ. ಇಲ್ಲ ಎಂದಳು. ಚಾವಡಿಯಲ್ಲಿ ಅಷ್ಟು ಹೇಳಿದರೂ ಬರುತ್ತಿಲ್ಲವೇ, ಎಂಥ ಜನ ಎಂದು ನಾನು ರೇಗಿದೆ.

"ಯಾರಿಗೆ ಹೇಳಿದ್ರಿ?"

"ಎಲ್ಲಾರಿಗೂ. ಗುಡ್ಡಪ್ಪಗ ಮದಲ ಹೇಳೀನಿ."

ಆಕೆ ನನ್ನ ಕಡೆ ತಿರುಗಿದಳು. ಸಿಟ್ಟು ಕಾಣಲಿಲ್ಲ, ಕಂಡಿದ್ದರೆ ಚಲೋ ಇತ್ತು. "ಬೀಜ ಒಯ್ದಾಕಿ ಉಡಚವ್ವ ಅಲ್ರೀ?"

ಗುಡ್ಡಪ್ಪ ಮನೆಗೆ ಹೋಗಿ ಹೆಂಡತಿಗೆ ಒಂದು ಮಾತೂ ಹೇಳಿರಲಿಲ್ಲ. ಮಜೀದ ಹೇಳದಿದ್ದ ಹಾಗೆಯೇ. ನಾನೂ ಹೇಳಿರಲಿಲ್ಲ. ಕೊನೆಗೆ, ನೀವಾದರೂ ನನ್ನ ಮಾತು ನಂಬಿದ್ದಿರಿ, ನಿಮ್ಮ ಹೊಲಕ್ಕೆ ನೀವೇ ಬೀಜ ಬಿಡಬಾರದೇ ಎಂದೆ.

"ಮದಲ ನಂಬಿದ್ನಿರಿ. ಈಗ ನನಗೂ ಅಂಜಿಕಿ ಬಂದೈತ್ರಿ."

ಉಡಚವ್ವನ ಮನೆ ಅಲ್ಲಿಂದ ಕೂಗಳತೆಯಲ್ಲಿತ್ತು. ನನ್ನ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಪರಪುರುಷ ನಾನು, ಗಂಡ ಹೊಲದಲ್ಲಿರುವಾಗ ಆಕೆಯ ಬಾಗಿಲಲ್ಲಿ ನಿಂತು ಏನೆಂದು ಮಾತಾಡಲಿ ಎಂದು ಸಂಕೋಚವಾಯಿತು. ಬಸ್ ನಿಲ್ದಾಣಕ್ಕೆ ಹೋಗಿ ಕುಳಿತೆ.